ಹಿಡಿಯೋ ಕೈ, ನೀವೋ ಕೈ

ನನ್ನ ಕೈ ಬಗ್ಗೆ ನಾನೇ ಹೇಳಿಕೊಂಡರೆ ಜಂಬ ಅಂತೀರಿ. ಅನ್ನಿ, ಪರವಾಗಿಲ್ಲ. ಈ ಊರಲ್ಲಿ ನಲವತ್ತು ವರ್ಷದಿಂದ ಹುಟ್ಟಿದ ಹೆಚ್ಚುಕಡಿಮೆ ಅಷ್ಟೂ ಮೈಗೆ ಮೊದಲ ಎಣ್ಣೆ ಹಚ್ಚಿದ್ದು ಈ ಎರಡು ಕೈ. ಇವತ್ತು ಮೀಸೆ ತಿರುವಿಕೊಂಡು ಓಡಾಡೋ ಗಂಡಸರನ್ನೆಲ್ಲ ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಬಿಸಿನೀರು ಹೊಯ್ದವಳು ನಾನು. ಅವರೇ ಈಗ ‘ಏ ಕೆಂಚಿ, ದಾರಿ ಬಿಡು’ ಅಂತಾರೆ. ನನ್ನ ಹೆಸರು ಕೆಂಚಮ್ಮ. ಅದರಲ್ಲಿ ಅಮ್ಮ ಅನ್ನೋದನ್ನ ಊರು ಎಲ್ಲೋ ಕಳೆದುಹಾಕಿದೆ. ಐದು ವರ್ಷದ ಕೂಸೂ ನನಗೆ ‘ನೀನು’ ಅಂತಲೇ ಅನ್ನೋದು. ಬೇಜಾರೇನಿಲ್ಲ. ಇದ್ದರೂ ಯಾರ ಹತ್ತಿರ ಹೇಳ್ಲಿ?

ನೋಡಿ, ಮಾತು ಎಲ್ಲಿಗೋ ಹೋಯಿತು. ನಾನು ಹೇಳಬೇಕಾಗಿರೋದು ದಾಕ್ಷಿ ಸದ್ದು ಬಿಟ್ಟ ಕಥೆ.

ನಮ್ಮೂರಲ್ಲಿ ಯಾರಾದರೂ ತೀರಾ ಬೆಚ್ಚಿದರೆ ಸದ್ದು ಬಿಡುತ್ತಾರೆ. ಬರೀ ಬಾಯಿಮಾತು ಹೋಗೋದಲ್ಲ. ನಡೆದರೆ ಹೆಜ್ಜೆ ಕೇಳಲ್ಲ, ಕೆಮ್ಮಿದರೆ ಕೆಮ್ಮು ಕೇಳಲ್ಲ, ಕೈಲಿರೋ ತಂಬಿಗೆ ಕಲ್ಲಿಗೆ ಬಡಿದರೂ ಠಣ್ ಅನ್ನಲ್ಲ. ಅವರು ಏನನ್ನ ಮುಟ್ಟಿಕೊಂಡಿದ್ದಾರೋ ಅದರ ಸದ್ದೂ ಮುಟ್ಟಿರೋ ತನಕ ಹೋಗುತ್ತೆ. ಗೂಳಿ ಅಟ್ಟಿಸಿಕೊಂಡು ಬಂದರೆ ಎರಡು ದಿನ, ಹಾವು ತುಳಿದರೆ ಒಂದು ವಾರ. ಅಲ್ಲೀವರೆಗೂ ಹೆಗಲ ಮೇಲೆ ಹಳದಿ ಬಟ್ಟೆ ಹಾಕಿಕೊಂಡು ಓಡಾಡಬೇಕು, ಗಾಡಿಯವರಿಗೆ ಕಾಣಲಿ ಅಂತ. ಅಂಗಡಿಗೆ ಹೋದರೆ ಅಂಗಡಿಯವರೇ ‘ಯಾವುದು ಬೇಕು, ಬೆರಳು ತೋರಿಸು’ ಅಂತಾರೆ. ಗಂಡ ಸದ್ದು ಬಿಟ್ಟ ವಾರ ಗೊರಕೆ ಕಾಟವಿಲ್ಲದೆ ಸುಖವಾಗಿ ನಿದ್ದೆ ಮಾಡಿದೆ ಅಂತ ನನ್ನ ಹತ್ತಿರ ಹೇಳಿಕೊಂಡ ಹೆಂಗಸರು ಒಬ್ಬಿಬ್ಬರಲ್ಲ. ಒಟ್ಟಿನಲ್ಲಿ ಊರಿಗೆ ಅದು ನೆಗಡಿ ಇದ್ದ ಹಾಗೆ, ಬರುತ್ತೆ ಹೋಗುತ್ತೆ.

ದಾಕ್ಷಿಯದು ಹಾಗಲ್ಲ. ತಾಮ್ರದ ಕೊಡ ಬಡಿಯೋ ರುದ್ರೇಶನ ಹೆಂಡತಿ ಅವಳು. ಏಳು ತಿಂಗಳ ಬಸುರಿ ತವರಿಂದ ಬರುವಾಗ ನಡುಹೊಳೆಯಲ್ಲಿ ಹರಿಗೋಲು ಮಗುಚಿತು. ಮಗುಚಿದ ಹರಿಗೋಲಿನ ಕೆಳಗೇ ಇವಳು ಸಿಕ್ಕಿಬಿದ್ದಳು, ಒಳಗೆ ಕಗ್ಗತ್ತಲೆ. ಅವಳನ್ನ ಬಿಟ್ಟು ಬರೋಕೆ ಅಂತ ಜೊತೆಗೆ ಹೊರಟಿದ್ದ ತಮ್ಮ ಪ್ರಭು, ಹದಿನೇಳರ ಹುಡುಗ, ಅಕ್ಕನ ಬಲ ಮಣಿಕಟ್ಟು ಹಿಡಿದುಕೊಂಡಿದ್ದ. ಇವಳು ಅವನದನ್ನ ಹಿಡಿದಿದ್ದಳು. ಎಷ್ಟೋ ಹೊತ್ತಾದ ಮೇಲೆ ಆ ಹಿಡಿತ ಜಾರಿತು. ಇವಳು ಉಳಿದಳು, ಹೊಟ್ಟೇಲಿದ್ದ ಕೂಸು ಉಳಿಯಿತು, ಪ್ರಭು ಉಳಿಯಲಿಲ್ಲ.

ದಡಕ್ಕೆ ತಂದಾಗ ಅವಳು ಬಾಯಿ ತೆರೆದು ಕಿರುಚುತ್ತಲೇ ಇದ್ದಳಂತೆ. ಒಂದು ಚೂರೂ ಕೇಳಲಿಲ್ಲವಂತೆ. ಎರಡು ತಿಂಗಳಾದರೂ ಸದ್ದು ಬರಲಿಲ್ಲ. ಹೆರಿಗೆಯೂ ಹಾಗೇ ಆಯಿತು. ಕೂಸು ಹೊರಗೆ ಬಂದು ಬಾಯಿ ಅಗಲಿಸಿ ಅಳುತ್ತಿದೆ, ಸದ್ದೇ ಇಲ್ಲ! ಸೂಲಗಿತ್ತಿ ಹೆದರಿ ನಡುಗಿಬಿಟ್ಟಳು. ಹೊಕ್ಕುಳ ಬಳ್ಳಿ ಕತ್ತರಿಸಿದಳು ನೋಡಿ, ಆಗ ‘ಕುವಾ’ ಅಂತು. ಹೆಣ್ಣುಮಗು, ಮುದ್ದಾಗಿತ್ತು.

ತೊಟ್ಟಿಲಲ್ಲಿದ್ದರೆ ಮಗುವಿನ ಅಳು ಬೀದಿಗೆ ಕೇಳುತ್ತಿತ್ತು. ತಾಯಿ ಎತ್ತಿಕೊಂಡ ತಕ್ಷಣ ಯಾರೋ ಬಾಗಿಲು ಹಾಕಿದ ಹಾಗೆ ನಿಂತುಹೋಗುತ್ತಿತ್ತು. ಹತ್ತನೇ ದಿನ ಮಧ್ಯಾಹ್ನ ದಾಕ್ಷಿ ಹಾಲು ಕೊಡುತ್ತಾ ಅಲ್ಲೇ ತೂಕಡಿಸಿದ್ದಾಳೆ. ಕೂಸಿಗೆ ಹಾಲು ನೆತ್ತಿಗೇರಿ ಒದ್ದಾಡುತ್ತಿದೆ. ಪಕ್ಕದ ಕೋಣೆಯಲ್ಲಿ ಐದು ಜನ ಕೂತಿದ್ದರೂ ಒಬ್ಬರಿಗೂ ಗೊತ್ತಾಗಿಲ್ಲ. ರುದ್ರೇಶನ ಅಕ್ಕ ಇಂದ್ರಮ್ಮ ಯಾವುದಕ್ಕೋ ಒಳಗೆ ಹೋದವಳು ನೋಡಿ, ಮಗು ಕಿತ್ತುಕೊಂಡು ಬೆನ್ನು ತಟ್ಟಿದಳು. ಮಗು ಬದುಕಿತು. ಆದರೆ ಅವತ್ತೇ ಅತ್ತೆ ಚನ್ನಾಜಮ್ಮ ತೀರ್ಮಾನ ಮಾಡಿಬಿಟ್ಟಳು.

‘ನಲವತ್ತೊಂದನೇ ದಿನ ನಾಮಕರಣ. ಅಷ್ಟರೊಳಗೆ ಇವಳ ಸದ್ದು ಬಂದರೆ ಸರಿ. ಬರದಿದ್ದರೆ ಇಂದ್ರನೇ ಹೆಸರು ಊದಲಿ.’

ಇದರ ಅರ್ಥ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗುವಿನ ಕಿವಿಗೆ ಮೊದಲು ಹೆಸರು ಊದಿದವರ ಮಡಿಲಿಗೇ ಮಗು ಸೇರೋದು. ಸಾಮಾನ್ಯವಾಗಿ ತಾಯಿಯೇ ಊದುತ್ತಾಳೆ. ತಾಯಿ ಇಲ್ಲದ ಮಗುವಿಗೆ ಯಾರು ಊದುತ್ತಾರೋ ಅವರೇ ತಾಯಿ. ಇಂದ್ರಮ್ಮ ಕೆಟ್ಟವಳಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಿಲ್ಲ. ಆಚೆ ದಂಡೆಯ ಊರಿನಲ್ಲಿ ಗಂಡನ ಮನೆ. ಅವಳು ಆಗಲೇ ಕೆಂಪು ಬಟ್ಟೆಯ ಕುಲಾವಿ ಹೊಲಿದು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದಳು. ನಾನು ನೋಡಿದೆ, ನೋಡದ ಹಾಗಿದ್ದೆ. ಅವಳ ಆಸೆ ಅವಳಿಗೆ. ಆದರೆ ಕೂಸು ಆಚೆ ದಂಡೆಗೆ ಹೋದರೆ, ಹರಿಗೋಲು ಕಂಡರೆ ನಡುಗೋ ದಾಕ್ಷಿ ಅದರ ಮುಖವನ್ನಾದರೂ ಮತ್ತೆ ನೋಡುತ್ತಾಳಾ?

ಸದ್ದು ತರಿಸೋಕೆ ಊರಲ್ಲಿ ಇದ್ದದ್ದು ಒಂದೇ ಮದ್ದು: ನಗಾರಿ ಮಲ್ಲೇಶಪ್ಪ. ಸದ್ದು ಬಿಟ್ಟವರ ಹಿಂದೆ ಕಳ್ಳಹೆಜ್ಜೆಯಲ್ಲಿ ಬಂದು ನಗಾರಿಗೆ ಧಡ್ ಅಂತ ಒಂದೇಟು ಹಾಕುತ್ತಾನೆ. ‘ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು’ ಅನ್ನೋದು ಅವನ ಮಾತು. ಸುಳ್ಳಲ್ಲ, ಗೂಳಿಗೆ ಹೆದರಿದವರು ಅವನ ಏಟಿಗೆ ‘ಅಯ್ಯೋ ನಿನ್ನ ಮನೆ ಹಾಳಾಗ’ ಅಂತ ಬೈದು ಸದ್ದು ಪಡೆದದ್ದನ್ನ ನಾನೇ ಕಂಡಿದ್ದೀನಿ. ದಾಕ್ಷಿಯ ಹಿಂದೆಯೂ ಹನ್ನೊಂದನೇ ದಿನ ನಗಾರಿ ಹೊಡೆದ. ಅವಳು ಮೂಲೆಗೆ ಹೋಗಿ ಮುದುರಿಕೊಂಡಳು. ಅವಳು ಒರಗಿದ ಗೋಡೆಗೆ ಆಚೆ ಕಡೆಯಿಂದ ಕೊಡ ಆನಿಸಿಕೊಂಡು ರುದ್ರೇಶ ಬಡಿಯುತ್ತಿದ್ದ, ಆ ಸದ್ದೂ ನಿಂತಿತು. ಅವನು ಸುತ್ತಿಗೆ ಎತ್ತಿ ಎತ್ತಿ ನೋಡಿಕೊಂಡ. ಮನೆಗೆ ಮನೆಯೇ ಸತ್ತ ಹಾಗಾಯಿತು.

ಮಾರನೆಯ ದಿನ ನಾನು ಎರೆಯೋಕೆ ಬಂದೆ. ಅಲ್ಲೀತನಕ ಚನ್ನಾಜಮ್ಮ ತಾನೇ ತಾಯಿಗೂ ಮಗುವಿಗೂ ನೀರು ಹಾಕುತ್ತಿದ್ದಳು, ಸೊಂಟ ಹಿಡಿದು ನನಗೆ ಹೇಳಿ ಕಳಿಸಿದಳು. ಇಲ್ಲಿ ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಎಲ್ಲ ಬಾಣಂತಿಯರನ್ನೂ ಎಬ್ಬಿಸೋ ಹಾಗೆ ‘ಏಳೇ ತಾಯಿ, ಹಂಡೆ ಕಾದಿದೆ’ ಅಂತ ದಾಕ್ಷಿಯ ಬಲ ಮಣಿಕಟ್ಟು ಹಿಡಿದು ಎಳೆದೆ. ಅಷ್ಟೇ. ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು ಧೊಪ್ಪನೆ ಬಿದ್ದಳು, ಆ ಧೊಪ್ಪೂ ಕೇಳಲಿಲ್ಲ. ನಲವತ್ತು ವರ್ಷದ ಕೈಗುಣ ಅಂತ ಮೆರೆಯುತ್ತಿದ್ದೆನಲ್ಲ, ಥೂ ನನ್ನ ಜನ್ಮಕ್ಕಿಷ್ಟು. ಆಮೇಲೆ ಬಚ್ಚಲ ಮೆಟ್ಟಿಲ ಮೇಲೆ ಕೂತು ಯೋಚನೆ ಮಾಡಿದೆ. ಹೊಳೆಯಲ್ಲಿ ಹಿಡಿದ ಕೈ ಅದು. ಹಿಡಿಯೋ ಕೈ ಯಾವುದು ಬಂದರೂ ಅವಳಿಗೆ ಹೊಳೆಯೇ ಬಂದ ಹಾಗೆ. ಇವಳಿಗೆ ಹಿಡಿಯೋ ಕೈ ಬೇಡ, ಮೆಲ್ಲಗೆ ಸವರಿ ನೀವೋ ಕೈ ಬೇಕು.

ಅವತ್ತಿಂದ ಕೇಳದೆ ಮುಟ್ಟಲಿಲ್ಲ. ಎದುರಿಗೆ ಕೂತು ಎರಡು ಅಂಗೈಯನ್ನೂ ತೋರಿಸಿ, ‘ನೀವ್ಲಾ?’ ಅಂತ ಕೇಳೋದು. ತಲೆ ಆಡಿಸಿದರೆ ಸರಿ, ಇಲ್ಲದಿದ್ದರೆ ಸುಮ್ಮನೆ ಕೂತು ಎದ್ದು ಹೋಗೋದು. ಮೊದಲ ಮೂರು ದಿನ ತಲೆ ಆಡಿಸಲೇ ಇಲ್ಲ. ‘ಎಣ್ಣೆ ಕಾಯಿಸಿಕೊಂಡು ಬಂದು ಮುಖ ನೋಡ್ತಾ ಕೂರೋಕೆ ನಿನ್ನನ್ನ ಕರೆಸಿದ್ನೇನೇ ಕೆಂಚಿ?’ ಅಂತ ಚನ್ನಾಜಮ್ಮ ರೇಗಿದಳು. ‘ಇರಿ ಅಮ್ಮಾರೇ, ಹಾಲು ಹೆಪ್ಪಾಗೋಕೂ ಒಂದು ರಾತ್ರಿ ಬೇಕು’ ಅಂದೆ.

ನಾಲ್ಕನೇ ದಿನ ಅವಳು ಪಾದ ಮುಂದೆ ಚಾಚಿದಳು. ಬೆಚ್ಚಗಿನ ಹರಳೆಣ್ಣೆ ಹಚ್ಚಿ ಹಿಮ್ಮಡಿಯಿಂದ ಬೆರಳ ತುದಿಯವರೆಗೆ ನೀವಿದೆ. ಉಜ್ಜಲಿಲ್ಲ, ಒತ್ತಲಿಲ್ಲ. ಕೈಯ ಭಾರ ಎಷ್ಟೋ ಅಷ್ಟೇ. ಅವಳನ್ನ ಮುಟ್ಟಿದ ಕೂಡಲೇ ನನ್ನ ಸದ್ದೂ ಹೋಯಿತು ನೋಡಿ! ನಾನೋ ಬಾಯಿಬಡುಕಿ, ಕೈ ಆಡಿದಷ್ಟು ಹೊತ್ತೂ ನಾಲಿಗೆ ಆಡಲೇಬೇಕು. ಅಭ್ಯಾಸಬಲದಿಂದ ‘ನೀವು, ನೀವು, ಮೆಲ್ಲಗೆ ನೀವು’ ಅಂತ ನನ್ನ ಕೈಗೆ ನಾನೇ ಹೇಳಿಕೊಳ್ಳುತ್ತಿದ್ದೆ, ನನಗೇ ಕೇಳುತ್ತಿರಲಿಲ್ಲ. ದಾಕ್ಷಿ ಮಾತ್ರ ನನ್ನ ತುಟಿಯನ್ನೇ ನೋಡುತ್ತಿದ್ದಳು. ಅಷ್ಟು ನಿಶ್ಶಬ್ದದಲ್ಲಿ ಕೂತಾಗ ನನಗೂ ಏನೇನೋ ನೆನಪಾಗಿ ಅಳು ಬರುತ್ತಿತ್ತು. ಒಂದು ದಿನ ಇಬ್ಬರೂ ಅತ್ತೆವು. ಚನ್ನಾಜಮ್ಮ ಬಾಗಿಲಾಚೆಯೇ ನಿಂತಿದ್ದಳು, ಅವಳಿಗೆ ಕೇಳಿದರೆ ತಾನೇ.

ಪಾದದಿಂದ ಮಂಡಿಗೆ ಬರೋಕೆ ಒಂದು ವಾರ. ಆಮೇಲೆ ಬೆನ್ನು, ಆಮೇಲೆ ನೆತ್ತಿ. ಬೆನ್ನು ಕಲ್ಲಾಗಿತ್ತು ಪಾಪ, ದಿನದಿನಕ್ಕೂ ಸಡಿಲವಾಯಿತು. ಇಪ್ಪತ್ತೇಳನೇ ದಿನ ಅವಳ ಬೆನ್ನು ನೀವುತ್ತಿರುವಾಗ ಎಲ್ಲೋ ‘ಕಿಣ್’ ಅಂತು. ಯಾರಪ್ಪಾ ಅಂತ ಸುತ್ತ ನೋಡಿದೆ. ನನ್ನದೇ ಬಳೆ! ಅವಳನ್ನ ಮುಟ್ಟಿಕೊಂಡಿದ್ದರೂ ನನ್ನ ಬಳೆ ಸದ್ದು ಮಾಡಿದೆ! ಓಡಿ ಹೋಗಿ ಹೇಳಿದರೆ ಚನ್ನಾಜಮ್ಮ ‘ನಿನ್ನ ಕಿವಿಯೊಳಗೆ ಜೀರುಂಡೆ ಹೊಕ್ಕಿರಬೇಕು’ ಅಂದಳು. ಮಲ್ಲೇಶಪ್ಪನಿಗೂ ಸುದ್ದಿ ಮುಟ್ಟಿತು. ಅವನು ಗಡ್ಡ ಕೆರೆದುಕೊಂಡು, ‘ನೀವಿದರೆ ಸದ್ದು ಬರೋದಾಗಿದ್ದರೆ ನಮ್ಮಜ್ಜ ಯಾಕೆ ನಗಾರಿ ಮಾಡಿಸ್ತಿದ್ದ? ನಾಮಕರಣದ ದಿನ ಇನ್ನೊಂದು ಏಟು ಹಾಕ್ತೀನಿ. ಕೊನೇ ಪ್ರಯತ್ನ’ ಅಂದ. ಇಷ್ಟು ದಿನ ಎಳೆಎಳೆಯಾಗಿ ಬಿಡಿಸಿದ್ದೆಲ್ಲ ಆ ಒಂದು ಏಟಿಗೆ ಮತ್ತೆ ಗಂಟಾಗುತ್ತೆ ಅಂತ ನನಗೆ ಗೊತ್ತಿತ್ತು. ಆದರೆ ಎರೆಯೋ ಕೆಂಚಿಯ ಮಾತು ಯಾರು ಕೇಳ್ತಾರೆ?

ಮೂವತ್ತನೇ ದಿನದಿಂದ ಮಗುವನ್ನ ನೀವೋದನ್ನ ಅವಳಿಗೇ ಕಲಿಸಿದೆ. ಮಗು ಅವಳ ಕಾಲ ಮೇಲೆ, ನನ್ನ ಕೈ ಅವಳ ಬೆನ್ನ ಮೇಲೆ. ನಾನು ತುಟಿಯಲ್ಲಿ ‘ನೀವು’ ಅಂದರೆ ಅವಳ ಕೈ ಮಗುವಿನ ಎದೆಯಿಂದ ಹೊಟ್ಟೆಗೆ ಇಳಿಯೋದು. ಆಮೇಲಾಮೇಲೆ ಅವಳ ತುಟಿಯೂ ‘ನೀವು, ನೀವು’ ಅಂತ ಆಡತೊಡಗಿತು. ಎರೆದು ಮುಗಿದ ಮೇಲೆ ಎಲ್ಲ ತಾಯಂದಿರ ಹಾಗೆ ಮಗುವಿನ ಮುಖ ಬಳಸಿ ದೃಷ್ಟಿ ತೆಗೆದು ಕೆನ್ನೆಪಕ್ಕಕ್ಕೆ ನೆಟಿಗೆ ಮುರಿಯುತ್ತಿದ್ದಳು. ಹತ್ತು ಬೆರಳಲ್ಲಿ ಒಂದೂ ಲಟಕ್ ಅನ್ನುತ್ತಿರಲಿಲ್ಲ. ಆಗ ಅವಳು ನನ್ನ ಕಡೆ ನೋಡೋ ನೋಟ ಇದೆಯಲ್ಲ, ಅದು ನನಗೆ ಈಗಲೂ ಸಂಕಟ.

ಉಳಿದಿದ್ದು ಆ ಬಲ ಮಣಿಕಟ್ಟು. ಅದರ ತಂಟೆಗೆ ನಾನು ಹೋಗಿರಲಿಲ್ಲ. ಮೂವತ್ತೊಂಬತ್ತನೇ ದಿನ ‘ನೀವ್ಲಾ?’ ಅಂತ ಅಂಗೈ ಚಾಚಿದೆ, ಅವಳು ಪಾದ ಕೊಡಲಿಲ್ಲ. ತುಂಬಾ ಹೊತ್ತು ನೋಡಿ, ಆ ಮಣಿಕಟ್ಟನ್ನ ತಂದು ನನ್ನ ಅಂಗೈ ಮೇಲೆ ಇಟ್ಟಳು. ನನ್ನ ಬೆರಳು ತಾವಾಗೇ ಮಡಚೋಕೆ ನೋಡಿದವು, ಮಡಚಲು ಬಿಡಲಿಲ್ಲ. ಹಕ್ಕಿ ಬಂದು ಕೂತ ಹಾಗೆ ಅದು ಸುಮ್ಮನೆ ಕೂತಿತ್ತು. ಇನ್ನೊಂದು ಕೈಯಿಂದ ಒಂದೇ ಒಂದು ಸಲ ನೀವಿದೆ. ಆಮೇಲೆ ಕೈ ತೆಗೆದೆ, ಯಾಕೆಂದರೆ ಮುಂದಿನ ಮಾತು ಅವಳಿಗೆ ಕೇಳಲೇಬೇಕಾಗಿತ್ತು.

‘ದಾಕ್ಷಿ, ನೀನು ಬಿಡಲಿಲ್ಲ ಕಣೇ ಮಗಳೇ. ಹೊಳೆ ಎಳ್ಕೊಂಡ್ತು.’

ಅವಳು ನನ್ನ ಮಡಿಲಿಗೆ ತಲೆ ಹಾಕಿ ಬಿಕ್ಕಿದಳು. ಆ ಬಿಕ್ಕು, ದೇವರಾಣೆಗೂ, ನನಗೆ ಸಣ್ಣದಾಗಿ ಕೇಳಿತು.

ನಾಮಕರಣದ ದಿನ ಬೆಳಿಗ್ಗೆ ಅವಳ ಬಲಗೈಗೂ ಹಸಿರು ಬಳೆ ನಾನೇ ತೊಡಿಸಿದೆ. ಒಂದು ಡಜನ್ ಬಳೆ, ಆಡಿಸಿದರೂ ಸದ್ದಿಲ್ಲ. ಅಂಗಳದ ತುಂಬ ಜನ. ತೊಟ್ಟಿಲಿಗೆ ಹೂವು ಕಟ್ಟಿತ್ತು. ಚನ್ನಾಜಮ್ಮ ತನ್ನ ತಾಯಿಯ ಹೆಸರು ಸರ್ವಮಂಗಳ ಅಂತ ಇಡಬೇಕು ಅಂತ ಮೊದಲೇ ಎಲ್ಲರಿಗೂ ಹೇಳಿದ್ದಳು. ಇಂದ್ರಮ್ಮ ತೊಟ್ಟಿಲ ಪಕ್ಕ ನಿಂತಿದ್ದಳು, ಕುಲಾವಿ ಈಗ ಕೈಯಲ್ಲೇ ಇತ್ತು. ದಾಕ್ಷಿ ಮಗುವನ್ನ ಮಡಿಲಲ್ಲಿ ಹಾಕಿಕೊಂಡು ಮಣೆ ಮೇಲೆ ಕೂತಳು. ಜನ ಕಂಡು ಮಗು ಅಳೋಕೆ ಶುರು ಮಾಡಿತು. ಮುಖ ಕೆಂಪಾಗಿದೆ, ಬಾಯಿ ತೆರೆದಿದೆ, ಸದ್ದಿಲ್ಲ. ಅಂಗಳವೆಲ್ಲ ಆ ಬಾಯಿಯನ್ನೇ ನೋಡುತ್ತಿತ್ತು.

‘ಊದಮ್ಮ’ ಅಂದಳು ಚನ್ನಾಜಮ್ಮ. ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಒದ್ದೆಯಾಗಿತ್ತು. ದಾಕ್ಷಿ ಬಗ್ಗಿ ತುಟಿ ಆಡಿಸಿದಳು. ಏನೂ ಇಲ್ಲ. ಮತ್ತೆ ಆಡಿಸಿದಳು. ಇಲ್ಲ. ‘ಆಯ್ತು ಬಿಡು ತಾಯಿ’ ಅಂತ ಚನ್ನಾಜಮ್ಮ ಮಗಳ ಕಡೆ ತಿರುಗಿದಳು. ಇಂದ್ರಮ್ಮ ಕೈ ಚಾಚಿದಳು. ಅದೇ ಹೊತ್ತಿಗೆ ಮಲ್ಲೇಶಪ್ಪ ಕಳ್ಳಹೆಜ್ಜೆ ಹಾಕಿಕೊಂಡು ದಾಕ್ಷಿಯ ಹಿಂದೆ ಬಂದು ಸೊಂಟದ ನಗಾರಿಗೆ ಕೋಲು ಎತ್ತಿದ್ದನ್ನ ನಾನು ಕಂಡೆ.

ಹೇಗೆ ಹೋದೆನೋ ಗೊತ್ತಿಲ್ಲ. ಜನರನ್ನ ತಳ್ಳಿಕೊಂಡು ಹೋಗಿ ಅವನ ನಗಾರಿಯ ಚರ್ಮದ ಮೇಲೆ ನನ್ನ ಎರಡು ಅಂಗೈಯನ್ನೂ ಇಟ್ಟುಬಿಟ್ಟೆ.

‘ಕೈ ತೆಗಿಯೇ ಕೆಂಚಿ!’

‘ತೆಗಿಯಲ್ಲ.’

‘ಬೆರಳು ಮುರಿದುಹೋಗ್ತವೆ ನೋಡು!’

‘ಮುರೀಲಿ. ನಿನಗೆ ಮೊದಲ ಸ್ನಾನ ಮಾಡಿಸಿದ್ದು ನಮ್ಮವ್ವನ ಬೆರಳು, ನಿನ್ನ ಮಕ್ಕಳಿಗೆ ಇದೇ ಬೆರಳು. ಹೊಡಿ, ನೋಡೇಬಿಡ್ತೀನಿ!’

ಅವನ ಕೋಲು ಮೇಲೇ ನಿಂತಿತು. ಊರಲ್ಲಿ ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನಾನು ಮಾತ್ರ ದಾಕ್ಷಿಯನ್ನ ನೋಡುತ್ತಿದ್ದೆ. ಅಳುತ್ತಾ ಕೈಕಾಲು ಬಡಿಯುತ್ತಿದ್ದ ಕೂಸಿನ ಮುಷ್ಟಿಗೆ ತಾಯಿಯ ಬಲಗೈ ಬಳೆ ಸಿಕ್ಕಿತು. ಕೂಸು ಬಿಗಿಯಾಗಿ ಹಿಡಿದು ಎಳೆಯಿತು. ಬಳೆ ಮಣಿಕಟ್ಟಿಗೆ ಒತ್ತಿತು. ದಾಕ್ಷಿಯ ಕಣ್ಣು ಮೇಲಕ್ಕೆ ಹೋದವು. ಮುಗೀತು, ಎಲ್ಲಾ ಹೊಳೆಪಾಲಾಯಿತು ಅಂದುಕೊಂಡೆ. ಆದರೆ ಅವಳು ಕೈ ಕಿತ್ತುಕೊಳ್ಳಲಿಲ್ಲ. ಉಸಿರು ಎಳೆದುಕೊಂಡಳು, ಬಿಟ್ಟಳು. ಅವಳ ಎಡಗೈ ಬಂತು. ಆ ಪುಟ್ಟ ಮುಷ್ಟಿಯನ್ನ ಬಿಡಿಸೋಕಲ್ಲ, ನೀವೋಕೆ. ಒಂದು ಸಲ. ಇನ್ನೊಂದು ಸಲ.

ಘಲ್ ಅಂತು ಬಳೆ.

ಅದರ ಹಿಂದೆಯೇ ಕೂಸಿನ ಅಳು ಬಂತು ನೋಡಿ! ಎಂಥಾ ಅಳು ಅಂತೀರಿ, ನಲವತ್ತೊಂದು ದಿನದ್ದೆಲ್ಲ ಒಟ್ಟಿಗೆ ಬಂದ ಹಾಗೆ ಅಂಗಳವೇ ಹಾರಿಹೋಗೋ ಅಂಥ ಅಳು. ತಾಯಿಯ ಮಡಿಲಲ್ಲೇ! ಮಗು ಅತ್ತರೆ ಊರಿಗೆ ಊರೇ ನಗೋದನ್ನ ನೀವು ಎಲ್ಲಾದರೂ ಕಂಡಿದ್ದೀರಾ? ರುದ್ರೇಶ ಅಳುತ್ತಾ ನಗುತ್ತಾ ಕುಣಿದ. ಆ ಗದ್ದಲದ ನಡುವೆ ದಾಕ್ಷಿ ತಲೆ ಎತ್ತಿ, ನಗಾರಿಗೆ ಅಂಟಿಕೊಂಡು ನಿಂತಿದ್ದ ನನ್ನನ್ನ ನೋಡಿದಳು. ಮತ್ತೆ ಮಗುವಿನ ಕಿವಿಯ ಹತ್ತಿರ ಬಗ್ಗಿದಳು. ತುಕ್ಕು ಹಿಡಿದ ಚಿಲಕ ತೆಗೆದ ಹಾಗೆ ಒಂದು ದನಿ ಬಂತು.

‘ನೀವು.’

ಎಲ್ಲರಿಗೂ ಕೇಳಿತು. ಕೂಸಿಗೂ ಕೇಳಿತು, ಅಳು ನಿಲ್ಲಿಸಿ ಅಮ್ಮನ ಕಡೆ ಕತ್ತು ತಿರುಗಿಸಿತು.

ಆಮೇಲೆ ಚನ್ನಾಜಮ್ಮ ಎದೆಗೆ ಕೈಯಿಟ್ಟುಕೊಂಡು, ‘ಅಯ್ಯೋ ಶಿವನೇ, ಇದೆಂಥಾ ಹೆಸರು! ಸರ್ವಮಂಗಳ ಅನ್ನಮ್ಮ, ಸರ್ವಮಂಗಳ!’ ಅಂದಳು. ಮಲ್ಲೇಶಪ್ಪ ಕೋಲು ಕೆಳಗಿಟ್ಟ. ಊರಿನ ಕಟ್ಟುಕಟ್ಟಳೆಗೆಲ್ಲ ಅವನೇ ಹಿರಿಯ. ಮುಖ ಸಣ್ಣದಾಗಿದ್ದರೂ ನ್ಯಾಯ ಬಿಡಲಿಲ್ಲ. ‘ಕಿವಿಗೆ ಮೊದಲು ಬಿದ್ದದ್ದು ಯಾವುದೋ ಅದೇ ಹೆಸರು. ತಾಯಿ ಊದಿದಾಳೆ, ಮಗು ತಾಯಿದು. ಹೆಸರು ನೀವು’ ಅಂದ. ‘ಅಲ್ಲ ಕಣಣ್ಣ, ಕೂಸಿಗೆ ನೀವು ಅಂತ ಹೇಗೆ ಕರೆಯೋದು?’ ಅಂತ ಯಾರೋ ಕೇಳಿದರು. ‘ಮರ್ಯಾದೆಯಿಂದ ಕರೀರಿ, ನಿಮ್ಮಪ್ಪನ ಗಂಟೇನು ಹೋಗುತ್ತೆ?’ ಅಂದ. ಮತ್ತೆ ನಗುವೋ ನಗು.

ಆ ನಗುವಿನಲ್ಲಿ ಇಂದ್ರಮ್ಮ ಒಬ್ಬಳೇ ಸುಮ್ಮನೆ ನಿಂತಿದ್ದಳು. ಚಾಚಿದ ಕೈ ಹಾಗೇ ಇತ್ತು. ದಾಕ್ಷಿ ಅದನ್ನ ಕಂಡಳು. ಹೊಸ ದನಿಯಲ್ಲಿ ಒಂದೊಂದೇ ಅಕ್ಷರ ಕೂಡಿಸಿಕೊಂಡು, ‘ಅತ್ತಿಗೆ, ನೀವೇ ಬದುಕಿಸಿದ ಮಗು ಇದು. ಕುಲಾವಿ ನೀವೇ ಹಾಕಿ’ ಅಂದಳು. ಇಂದ್ರಮ್ಮ ಕುಲಾವಿ ಹಾಕಿ, ಮಗುವಿನ ಹಣೆಗೆ ಮುತ್ತು ಕೊಟ್ಟು, ಒಂದೇ ಸಮ ಅತ್ತಳು. ತಿಂಗಳಿಗೊಂದು ಸಲ ಈಗಲೂ ಬರುತ್ತಾಳೆ. ಹೋದ ವರ್ಷ ದಾಕ್ಷಿ ಮಗಳ ಕೈ ಹಿಡಿದುಕೊಂಡು ಹರಿಗೋಲಿನಲ್ಲಿ ಕೂತು ಅವಳ ಊರಿಗೆ ಹೋಗಿ ಬಂದಳು. ಇಡೀ ದಾರಿ ಮಾತಾಡುತ್ತಲೇ ಇದ್ದಳು ಅಂತ ಅಂಬಿಗನೇ ದೂರು ಹೇಳಿದ.

ನೀವುಗೆ ಈಗ ಆರು ವರ್ಷ. ಶಾಲೆಯಲ್ಲಿ ಮೇಷ್ಟರು ‘ನೀವು’ ಅಂತ ಹಾಜರಿ ಕೂಗಿದರೆ ಯಾರಿಗೆ ಅಂದರೋ ಅಂತ ಇಡೀ ತರಗತಿ ಎದ್ದು ನಿಲ್ಲುತ್ತದಂತೆ. ‘ಏ ನೀವು, ಇಲ್ಲಿ ಬಾರೇ, ಮಣ್ಣಾಡಬೇಡ’ ಅಂತ ಚನ್ನಾಜಮ್ಮ ಗದರೋದನ್ನ ಕೇಳಿದರೆ ಹೊಸಬರು ಕಕ್ಕಾಬಿಕ್ಕಿಯಾಗುತ್ತಾರೆ. ಮಲ್ಲೇಶಪ್ಪನ ನಗಾರಿ ಈಗ ಹಬ್ಬಕ್ಕೆ ಮಾತ್ರ. ಯಾರಾದರೂ ಸದ್ದು ಬಿಟ್ಟರೆ ಅವನೇ ನನ್ನ ಮನೆಗೆ ಕರೆದುಕೊಂಡು ಬರುತ್ತಾನೆ. ಎಣ್ಣೆ ಕಾಯಿಸಿ ಕೊಡೋದೂ ಅವನೇ, ಬಲವಂತ ಮಾಡಿದವರನ್ನ ಬೈಯೋದೂ ಅವನೇ. ದಾಕ್ಷಿ ನನ್ನ ಜೊತೆ ಕೂರುತ್ತಾಳೆ. ಅವಳ ಕೈ ನನಗಿಂತ ಹಗುರ. ಇದನ್ನ ಬೇರೆ ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಒಂದು ಮಾತು ಮಾತ್ರ ಆರು ವರ್ಷ ನನ್ನ ಹೊಟ್ಟೆಯಲ್ಲೇ ಇತ್ತು. ಅವತ್ತು ಅವಳು ಅಂದದ್ದು ಏನು? ಊರೆಲ್ಲ, ಕೆಂಚಿ ಹೇಳಿಕೊಟ್ಟ ಪಾಠ ಅದು, ನೀವು ಅಂತ ತನ್ನ ಕೈಗೆ ತಾನೇ ಹೇಳಿಕೊಂಡಳು ಅನ್ನುತ್ತದೆ. ಇರಬಹುದು. ಆದರೆ ಅದನ್ನ ಅನ್ನೋ ಮೊದಲು ಅವಳು ನನ್ನ ಮುಖ ನೋಡಿದ್ದಳು. ಹುಟ್ಟಿದಾಗಿನಿಂದ ಒಬ್ಬರೂ ನನಗೆ ನೀವು ಅಂದಿರಲಿಲ್ಲ, ಅದಕ್ಕೇ ಈ ಹುಚ್ಚು ಆಸೆ. ನಿನ್ನೆ ಎಣ್ಣೆ ಬಟ್ಟಲು ತೊಳೆಯುತ್ತಾ, ಬೇರೆ ಕಡೆ ನೋಡಿಕೊಂಡು ಕೇಳಿಯೇಬಿಟ್ಟೆ.

‘ದಾಕ್ಷಿ, ಅವತ್ತು ನೀವು ಅಂದೆಯಲ್ಲ, ಅದು ಕೈಗೆ ಅಂದಿದ್ದಾ, ಇಲ್ಲ ಮಗೂಗಾ?’

ಅವಳು ಕೈ ಒರೆಸಿಕೊಂಡು ನನ್ನ ಎದುರಿಗೆ ಬಂದು ಕೂತಳು.

‘ಕೆಂಚಮ್ಮಾ, ಅಷ್ಟು ಜನರಲ್ಲಿ ನಗಾರಿಗೆ ಕೈ ಕೊಟ್ಟು ನಿಂತಿದ್ದವರು ಯಾರು? ನೀವೇ ಹೇಳಿ’ ಅಂದಳು.

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನಾನೇ ಸದ್ದು ಬಿಟ್ಟೆನೇನೋ ಅಂತ ಹೆದರಿ ಬಟ್ಟಲು ಕುಟ್ಟಿ ನೋಡಿದೆ, ಠಣ್ ಅಂತು. ದಾಕ್ಷಿ ನಕ್ಕು, ನನ್ನ ಸುಕ್ಕು ಮುಖವನ್ನ ಎರಡು ಕೈಯಿಂದ ಬಳಸಿ, ಕೂಸಿಗೆ ತೆಗೆಯೋ ಹಾಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಹತ್ತೂ ಬೆರಳು ಲಟಲಟ ಅಂದವು.